ರವಿವಾರಕ್ಕೊಂದು ದೇಶ

ನಮ್ಮ ಮನೆಯಲ್ಲಿ ರವಿವಾರಕ್ಕೊಂದು ದೇಶ. ಉಳಿದವರ ಮನೆಗಳಲ್ಲಿ ರವಿವಾರವೆಂದರೆ ತಲೆಗೆ ಎಣ್ಣೆ, ಟೀವಿಯಲ್ಲಿ ಸಿನಿಮಾ, ಮಧ್ಯಾಹ್ನ ಒಂದು ಗಡದ್ದು ನಿದ್ದೆ. ನಮ್ಮಲ್ಲಿ ಬೆಳಗಿನ ಚುರುಮುರಿ ಸುಸಲಾ ತಿಂದು ತಾಟು ಎತ್ತುವಷ್ಟರಲ್ಲಿ ಅಪ್ಪ ಟ್ರಂಕಿನ ಮೇಲೆ ಹತ್ತಿ ಕಪಾಟಿನ ತುದಿಯಿಂದ ಜಗತ್ತಿನ ನಕಾಶೆ ಇಳಿಸುತ್ತಿದ್ದ. ಪುಣೆಯ ಪಕ್ಕದ ಚಿಂಚವಾಡದಲ್ಲಿ ರೈಲು ಹಳಿಯ ಮಗ್ಗುಲಿನ ಚಾಳಿನಲ್ಲಿ ನಮ್ಮದು ಮೇಲಿನ ಅಂತಸ್ತಿನ ಎರಡು ಖೋಲಿ. ಹೊರಗಿನ ಖೋಲಿಯಲ್ಲಿ ನಕಾಶೆ ಹಾಸಿದರೆ ಗೋಡೆಯಿಂದ ಗೋಡೆಗೆ ತುಂಬುತ್ತಿತ್ತು. ನಾಲ್ಕು ಮೂಲೆಗೆ ನಾಲ್ಕು ಸ್ಟೀಲಿನ ಬಟ್ಟಲು. ಅಡಿಗೆಮನೆಯಿಂದ ಹೊರಗೆ ಹೋಗಬೇಕಾದರೆ ಯುರೋಪನ್ನು ದಾಟಿಯೇ ಹೋಗಬೇಕು. ಅವ್ವ ಬಕೆಟ್ಟು ಹಿಡಿದು ಕೆಳಗಿನ ನಳಕ್ಕೆ ಹೊರಟರೆ ಅಪ್ಪ ಕಣ್ಣೆತ್ತದೆಯೇ, ಗ್ರೀಸಿನ ಮೇಲೆ ಕಾಲಿಡಬ್ಯಾಡ ಎನ್ನುತ್ತಿದ್ದ. ಅವ್ವ ಸೀರೆಯ ನೆರಿಗೆ ಎತ್ತಿ ಹಿಡಿದು ಗ್ರೀಸನ್ನು ದಾಟುತ್ತಿದ್ದಳು. ಹಾಗೆ ಸವೆದುಹೋದ ರವಿವಾರಗಳನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅಪ್ಪ ಭೋಸರಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕಾರಕೂನ. ಬೋಲ್ಟು, ವಾಷರು, ಎಣ್ಣೆಯ ಡಬ್ಬಿ ಬಂದದ್ದು ಹೋದದ್ದು ಬರೆಯುವ ಕೆಲಸ. ದಿನವೂ ಸೈಕಲ್ಲಿನ ಮೇಲೆ ಹೋಗಿ ಸೈಕಲ್ಲಿನ ಮೇಲೆ ಬರುತ್ತಿದ್ದ. ವಿಜಾಪುರದ ಕಡೆಯ ಹಳ್ಳಿಯಿಂದ ಪುಣೆಗೆ ಬಂದದ್ದೇ ಅವನ ಆಯುಷ್ಯದ ದೊಡ್ಡ ಪ್ರವಾಸ. ಆದರೆ ಮಾತು ಕೇಳಿದರೆ ನಿನ್ನೆಯಷ್ಟೇ ವಿಯೆನ್ನಾದಿಂದ ಇಳಿದುಬಂದವನ ಹಾಗೆ. ದಿಲ್ಲಿ, ಮುಂಬಯಿಗಳಲ್ಲಿರುವ ಪರದೇಶದ ಕಚೇರಿಗಳಿಗೆಲ್ಲ ಪತ್ರ ಬರೆಯುತ್ತಿದ್ದ. ನಾನು, ನನ್ನ ಪತ್ನಿ ಮತ್ತು ಒಬ್ಬಳು ಮಗಳು ತಮ್ಮ ದೇಶಕ್ಕೆ ಬರಲು ಇಚ್ಛಿಸಿದ್ದೇವೆ, ದಯಮಾಡಿ ವಿವರ ಕಳಿಸಬೇಕು ಎಂದು ವಾಷರು ತರಿಸುವ ಅದೇ ಇಂಗ್ಲಿಷಿನಲ್ಲಿ. ಆ ಮೂರ್ಖರು ನಂಬಿ ಪುಕ್ಕಟೆ ಕಳಿಸುತ್ತಿದ್ದರು: ನುಣುಪು ಕಾಗದದ ಪುಸ್ತಿಕೆ, ಅದರಲ್ಲಿ ಹಿಮ, ಹಸು, ಹಲ್ಲು ತೋರಿಸುವ ಹುಡುಗಿಯರು. ಒಂದೇ ದೇಶದಿಂದ ಎರಡು ಪುಸ್ತಿಕೆ ಬಂದರೆ ಒಂದು ನನಗೆ. ಅದರ ಹಾಳೆ ನನ್ನ ನೋಟ್‌ಬುಕ್ಕಿನ ಹೊದಿಕೆ. ಸಾಲೆಯಲ್ಲಿ ನನ್ನ ಗಣಿತದ ಪುಸ್ತಕ ಡೆನ್ಮಾರ್ಕಿನಲ್ಲಿತ್ತು. ಹುಡುಗಿಯರು ಕೇಳಿದರೆ ನಮ್ಮಪ್ಪ ಹೋಗುವವನಿದ್ದಾನೆ ಎಂದು ಮೊದಮೊದಲು ನಾನೂ ಗತ್ತಿನಿಂದ ಹೇಳಿದ್ದೇನೆ. ಆಮೇಲೆ ಅವರು ಕೇಳುವುದನ್ನು ಬಿಟ್ಟು ನಗುವುದಕ್ಕೆ ಶುರುಮಾಡಿದರು. ನಾನು ಪಾಟೀಚೀಲವನ್ನು ತಿರುಗಿಸಿ ಇಡುವುದನ್ನು ಕಲಿತೆ.

ರವಿವಾರದ ಕಟ್ಟಳೆ ಇಷ್ಟು. ಒಂದು ವಾರ ನನ್ನ ಪಾಳಿ, ಒಂದು ವಾರ ಅವ್ವನದು, ಒಂದು ವಾರ ಅಪ್ಪನದು. ಪಾಳಿ ಯಾರದೋ ಅವರು ಮುಂದಿನ ದೇಶ ಯಾವುದು ಎಂದು ಹೇಳಬೇಕು. ಅಪ್ಪ ಅಲ್ಲಿಗೆ ಹೋಗುವುದು ಹೇಗೆಂದು ಹೇಳುತ್ತಿದ್ದ. ಯಾವ ದೇಶವಾದರೂ ಸರಿ, ಅವನ ದಾರಿ ಶುರುವಾಗುತ್ತಿದ್ದದ್ದು ಒಂದೇ ಕಡೆಯಿಂದ. ಮೊದಲು ಚಿಂಚವಾಡದಲ್ಲಿ ಲೋಕಲ್ ಹಿಡಿಯಬೇಕು. ಅದು ಲೋನಾವಳಾಕ್ಕೆ. ಅಲ್ಲಿಂದ ಮುಂಬಯಿಯ ಗಾಡಿ. ಅಲ್ಲಿಂದ ವಿಮಾನ. ವಿಮಾನ ಇಳಿದ ಮೇಲೆ ಮತ್ತೆ ರೈಲು. ಯುರೋಪಿನ ಯಾವ ಊರಿಂದ ಯಾವ ಊರಿಗೆ ಎಷ್ಟು ಗಂಟೆಗೆ ಗಾಡಿ ಇದೆ, ಎಲ್ಲಿ ಬದಲಾಯಿಸಬೇಕು, ಯಾವ ಕಡೆಯ ಕಿಟಕಿಗೆ ಕೂತರೆ ಕೆರೆ ಕಾಣುತ್ತದೆ, ಎಲ್ಲ ಬಾಯಿಪಾಠ. ಬಸ್ಸು ಎಂಬ ಶಬ್ದ ಅವನ ಬಾಯಲ್ಲಿ ಒಂದು ದಿನವೂ ಬರಲಿಲ್ಲ. ಬಂದಿಲ್ಲವೆಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಅವ್ವನ ಪಾಳಿ ಬಂದರೆ ಅವಳು ಅಡಿಗೆಮನೆಯಿಂದಲೇ ನೀವ ಹೇಳ್ರಿ ಎಂದುಬಿಡುತ್ತಿದ್ದಳು. ಅಪ್ಪ ಅವಳಿಗೆ ಸ್ವಿಟ್ಜರ್ಲೆಂಡನ್ನು ಕೊಡುತ್ತಿದ್ದ. ಹೆಂಗಸರಿಗೆ ಸ್ವಿಟ್ಜರ್ಲೆಂಡು ಒಗ್ಗುತ್ತದಂತೆ. ಎಷ್ಟು ಸ್ವೆಟರು ಬೇಕು, ಕಾಲುಂಗುರದ ಮೇಲೆ ಕಾಲುಚೀಲ ಹಾಕಿದರೆ ಒತ್ತುತ್ತದೋ ಇಲ್ಲವೋ, ಕಡಕ್ ರೊಟ್ಟಿ ಎಷ್ಟು ಒಯ್ಯಬೇಕು ಎಂದು ಗಂಭೀರವಾಗಿ ಕೇಳುವವನು. ಅವ್ವ ಒಲೆಯ ಮುಂದೆ ಕೂತು ಅಷ್ಟೇ ಗಂಭೀರವಾಗಿ ನಲವತ್ತು ರೊಟ್ಟಿ ಸಾಕು ಎನ್ನುವವಳು. ನನಗೆ ಹದಿಮೂರು ತುಂಬುವ ಹೊತ್ತಿಗೆ ಅವಳು ಅಡಿಗೆಮನೆ ಬಿಟ್ಟು ಏಳದೆ ಸ್ವಿಟ್ಜರ್ಲೆಂಡಿಗೆ ಹತ್ತಾರು ಸಲ ಹೋಗಿಬಂದಿದ್ದಳು. ಜೇಜುರಿಗೆ ಒಮ್ಮೆಯೂ ಹೋಗಿರಲಿಲ್ಲ.

ಜೇಜುರಿ ನಮ್ಮ ಮನೆಯಿಂದ ಅರ್ಧ ದಿನದ ದಾರಿಯೂ ಅಲ್ಲ. ಅಲ್ಲಿಯ ಖಂಡೋಬಾನೇ ನಮ್ಮ ಮೈಲಾರಲಿಂಗ, ಅಪ್ಪನ ಮನೆತನದ ದೇವರು. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿಯನ್ನು ಅಲ್ಲಿಗೆ ಕರೆದೊಯ್ಯಬೇಕು, ಬೆಟ್ಟದ ಬುಡದಲ್ಲಿ ಅವಳನ್ನು ತೋಳಿನಲ್ಲಿ ಎತ್ತಿಕೊಂಡು ಐದು ಮೆಟ್ಟಿಲು ಹತ್ತಬೇಕು, ಆಮೇಲೆ ಇಬ್ಬರೂ ಹೋಗಿ ದರ್ಶನ ಮಾಡಬೇಕು. ಅಪ್ಪನ ಅಣ್ಣಂದಿರು ಹಳ್ಳಿಯಿಂದ ಅಷ್ಟು ದೂರ ಬಂದು ತಮ್ಮ ಹೆಂಡಂದಿರನ್ನು ಎತ್ತಿಕೊಂಡು ಹೋಗಿದ್ದರು. ಅವ್ವನ ಮದುವೆಯಾದ ತಿಂಗಳಲ್ಲೇ ಅಪ್ಪನ ಅಜ್ಜ ತೀರಿಕೊಂಡ. ಆ ವರ್ಷ ಹೋಗುವಂತಿರಲಿಲ್ಲ. ಮರುವರ್ಷ ನಾನು ಹೊಟ್ಟೆಯಲ್ಲಿದ್ದೆ. ಆಮೇಲೆ ಯಾವ ನೆವವೂ ಇರಲಿಲ್ಲ, ಹೋಗಲೂ ಇಲ್ಲ. ರಜೆಗೆ ಹಳ್ಳಿಗೆ ಹೋದಾಗಲೆಲ್ಲ ದೊಡ್ಡವ್ವಂದಿರು ರೊಟ್ಟಿ ಬಡಿಯುತ್ತ, ಗಂಗಾ, ನಿನ್ನ ಮೆಟ್ಟಲಾ ಆದುವೇನು ಎಂದು ಕೇಳಿ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಅವ್ವನ ಮಟ್ಟಿಗೆ ಅವಳ ಮದುವೆ ಇನ್ನೂ ಅರ್ಧ ಉಳಿದಿತ್ತು. ಅದನ್ನವಳು ಅತ್ತು ಕರೆದು ತೋರಿಸಿದವಳಲ್ಲ. ಬದನೆಕಾಯಿ ಬಿಟ್ಟಿದ್ದಳು, ಅಷ್ಟೇ. ಮೈಲಾರಲಿಂಗನ ಒಕ್ಕಲಿನವರು ಮಳೆಗಾಲದ ನಾಲ್ಕು ತಿಂಗಳು ಬದನೆಕಾಯಿ ತಿನ್ನದೆ ಚಟ್ಟಿಯ ದಿನ, ಅಂದರೆ ಮಾರ್ಗಶಿರದ ಷಷ್ಠಿಗೆ, ದೇವರಿಗೆ ಎಡೆಮಾಡಿ ಆಮೇಲೆ ತಿನ್ನುತ್ತಾರೆ. ಅವ್ವ ಆ ಚಟ್ಟಿಯನ್ನೇ ಮುಂದಕ್ಕೆ ಹಾಕಿಬಿಟ್ಟಿದ್ದಳು. ಐದು ಮೆಟ್ಟಿಲು ಆಗುವವರೆಗೆ ಬದನೆಕಾಯಿ ಬಾಯಿಗಿಡುವುದಿಲ್ಲ ಎಂದು. ನಮ್ಮ ಕಡೆಯವರಿಗೆ ಬದನೆಕಾಯಿ ಇಲ್ಲದೆ ಊಟವಿಲ್ಲ. ವಾರಕ್ಕೆ ಮೂರು ದಿನ ಎಣಗಾಯಿ ಮಾಡಿ ನಮ್ಮಿಬ್ಬರಿಗೂ ಬಡಿಸಿ, ತಾನು ಅದೇ ಬೋಗುಣಿಯ ಮುಂದೆ ಕೂತು ಶೇಂಗಾ ಚಟ್ನಿ ಹಚ್ಚಿಕೊಂಡು ರೊಟ್ಟಿ ಮುರಿಯುತ್ತಿದ್ದಳು. ಅಪ್ಪ ಎಣಗಾಯಿಯನ್ನು ಬೆರಳು ನೆಕ್ಕಿಕೊಂಡು ತಿನ್ನುತ್ತ, ಆಸ್ಟ್ರಿಯಾದವರು ಬದನೆಕಾಯಿಯನ್ನು ಹೇಗೆ ಮಾಡುತ್ತಾರೆಂದು ಹೇಳುತ್ತಿದ್ದ.

ಎಂದಾದರೂ ಅವ್ವ ಬಾಯಿಬಿಟ್ಟರೆ ಅವನದು ಒಂದೇ ಉತ್ತರ: ಇಲ್ಲೇ ಅದಲ್ಲ, ಯಾವಾಗರ ಹೋದ್ರಾತು. ವೀಸಾ ಬೇಡದ ಜಾಗ ಅವನ ಲೆಕ್ಕಕ್ಕೆ ಜಾಗವೇ ಅಲ್ಲ. ಜೇಜುರಿ, ಆಳಂದಿ, ಪಂಢರಪುರ ಎಲ್ಲ ಅರಿಶಿಣ ಮೆತ್ತಿಕೊಂಡ ಮಂದಿ ನೂಕಾಡುವ ಧೂಳಿನ ಊರುಗಳು. ಹತ್ತಿರದ್ದನ್ನೆಲ್ಲ ಕಂಡರೆ ಮೂಗು ಮುರಿಯುವ ಈ ಚಟ ನನಗೆ ಅಂಟಿದ್ದು ಅವನಿಂದಲೇ. ಒಂದೇ ವ್ಯತ್ಯಾಸ, ನನಗೆ ಎಲ್ಲರಿಗಿಂತ ಹತ್ತಿರದ್ದು ಅಪ್ಪನೇ ಆಗಿದ್ದ.

ಆ ವರ್ಷ ಬಸು ಮಾಮಾ ಬ್ಯಾಂಕಾಕಿಗೆ ಹೋಗಿಬಂದ. ಅವ್ವನ ತಮ್ಮ, ಭೋಸರಿಯಲ್ಲಿ ಬಣ್ಣ, ಮೊಳೆ, ನಳದ ಸಾಮಾನಿನ ಅಂಗಡಿ. ವರ್ಷದಲ್ಲಿ ಇಂತಿಷ್ಟು ಡಬ್ಬಿ ಮಾರಿದ ಅಂಗಡಿಕಾರರನ್ನೆಲ್ಲ ಬಣ್ಣದ ಕಂಪನಿಯವರು ತಮ್ಮ ಖರ್ಚಿನಲ್ಲಿ ಪರದೇಶಕ್ಕೆ ಒಯ್ಯುತ್ತಿದ್ದರು. ಕುರಿ ತುಂಬಿದಂತೆ ವಿಮಾನಕ್ಕೆ ತುಂಬಿ ಒಯ್ದು ಇಳಿಸಿ ತಂದರು. ಮಾಮಾ ನಾಲ್ಕು ದಿನವೂ ಮಾಮಿ ಕಟ್ಟಿಕೊಟ್ಟ ರೊಟ್ಟಿ ತಿಂದು, ಹೊಟೇಲಿನ ಸಾಬೂನು, ಬಾಚಣಿಗೆ, ಕಾಗದದ ಚಪ್ಪಲಿ ಎತ್ತಿಕೊಂಡು ಬಂದ. ಅದರಲ್ಲಿ ಒಂದು ಸಾಬೂನು ಅವ್ವನಿಗೆ. ಅವನು ನಮ್ಮ ಮನೆಗೆ ಬಂದು ಕೂತು ಹೇಳಿದ್ದು ಇಷ್ಟೇ: ರಸ್ತೆ ಭಾಳ ಚೊಕ್ಕ ಅದಾವು, ಬಿಸಿಲು ನಮ್ಮಂಥದ್ದೇ. ಅಪ್ಪನಿಗೆ ಅದು ಸಾಲಲಿಲ್ಲ. ಹೋಗಿಬಂದವನನ್ನೇ ಕೂರಿಸಿಕೊಂಡು ನೀವು ಇಳಿದ ವಿಮಾನ ನಿಲ್ದಾಣದಿಂದ ಊರಿಗೆ ಯಾವ ದಾರಿಯಿಂದ ಹೋದಿರಿ, ನದಿ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಪರೀಕ್ಷೆಗೆ ಹಚ್ಚಿದ. ಮಾಮಾನಿಗೆ ಗೊತ್ತಿಲ್ಲ. ನೀ ತಪ್ಪು ದಾರಿಲಿಂದ ಹೋಗೀದಿ ಎಂದು ಅಪ್ಪ ತೀರ್ಪು ಕೊಟ್ಟ. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನ್ನಿಸಿತು. ಮಾಮಾ ಚಹದ ಕಪ್ಪು ಕೆಳಗಿಟ್ಟು ಎದ್ದುನಿಂತು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ತಣ್ಣಗೆ ಹೇಳಿದ.

“ಬ್ಯಾಂಕಾಕ್ ಇರ್ಲಿರಿ. ನಮ್ಮ ಅಕ್ಕನ್ನ ಜೇಜುರಿಗೆರ ಕರಕೊಂಡು ಹೋಗ್ರಿ. ಆಕಿನ್ನ ಎತ್ತಲಿಕ್ಕೆ ಬಣ್ಣದ ಕಂಪನಿಯವರು ಬರೂದಿಲ್ಲ.”

ಅಪ್ಪ ನಕ್ಕ. ಅವ್ವ ನಗಲಿಲ್ಲ. ಮರು ರವಿವಾರ ಅವಳ ಪಾಳಿ. ಅಪ್ಪ ನಕಾಶೆ ಹಾಸಿ, ಬಟ್ಟಲು ಇಟ್ಟು, ಅಡಿಗೆಮನೆಯ ಕಡೆ ಮುಖಮಾಡಿ ಎಂದಿನಂತೆ ಕೇಳಿದ. ಅವ್ವ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನಕಾಶೆಯ ಅಂಚಿಗೆ ನಿಂತಳು.

“ಜೇಜುರಿ.”

“ಜೇಜುರಿ ದೇಶಲ್ಲ.”

“ನಾ ನೋಡಿಲ್ಲ. ನಾ ನೋಡದ ಊರು ನನಗ ದೇಶನ. ಹೆಂಗ ಹೋಗಬೇಕು ಹೇಳ್ರಿ.”

“ಇಲ್ಲೇ ಅದಲ್ಲ ಅದು. ಯಾವಾಗರ ಹೋದ್ರಾತು.”

“ಯಾವಾಗ ಅಂತ ಕೇಳಿಲ್ಲ. ಹೆಂಗ ಅಂತ ಕೇಳೀನಿ.”

ಅಪ್ಪ ನಕಾಶೆಯ ಮೇಲೆ ಬಗ್ಗಿದ. ಆ ನಕಾಶೆಯಲ್ಲಿ ಪುಣೆಯೇ ಒಂದು ಚುಕ್ಕೆ. ಜೇಜುರಿ ಎಲ್ಲಿಂದ ಬರಬೇಕು? ಮೊದಲು ಚಿಂಚವಾಡದಲ್ಲಿ ಲೋಕಲ್ ಹಿಡೀಬೇಕು ಎಂದ. ಹಿಡಿದು ಈ ಸಲ ಪುಣೆಯ ಕಡೆ ಹೋಗಬೇಕು ಎಂದ. ಅಲ್ಲಿಗೆ ಅವನ ಜ್ಞಾನ ಮುಗಿಯಿತು. ಐಸ್‌ಲ್ಯಾಂಡಿನ ವಿಮಾನ ನಿಲ್ದಾಣದಲ್ಲಿ ಯಾವ ಬಾಗಿಲಿಂದ ಹೊರಗೆ ಬರಬೇಕೆಂದು ಬಲ್ಲವನಿಗೆ ತನ್ನ ಮನೆದೇವರ ಊರಿಗೆ ದಾರಿ ಗೊತ್ತಿಲ್ಲ. ನಾನು ಕಿಸಕ್ಕನೆ ನಕ್ಕುಬಿಟ್ಟೆ. ಅವ್ವ ನನ್ನನ್ನು ಗದರಿಸಲಿಲ್ಲ, ನಗಲೂ ಇಲ್ಲ. ಈಗ ಆಗಲಿಲ್ಲ ಅಂದ್ರ ಮುಂದ ಆಗೂದಿಲ್ಲರಿ, ನನ್ನ ಮೈ ಬೆಳೀಲಿಕತ್ತದ, ನಿಮ್ಮ ಕೈ ಸೊರಗಲಿಕತ್ತಾವು ಎಂದಳು. ನಿಜವೇ. ಅಪ್ಪ ಕಡ್ಡಿಯಂಥ ಮನುಷ್ಯ. ಅವ್ವ ವರ್ಷಕ್ಕೊಂದು ಸುತ್ತು ದಪ್ಪಗಾಗುತ್ತಿದ್ದಳು. ಅಪ್ಪ ಗ್ರೀಸಿನ ಮೇಲೆ ಬೆರಳಾಡಿಸುತ್ತ, ಮುಂದಿನ ರವಿವಾರ ಹೋಗೂಣು ಎಂದ.

ಆ ವಾರ ನೋಡಬೇಕಿತ್ತು ಅವನ ತಯಾರಿ. ಕಾರ್ಖಾನೆಯಲ್ಲಿ ಯಾರನ್ನೋ ಕೇಳಿ ಪುಣೆಯ ಸ್ವಾರಗೇಟಿನಿಂದ ಬಸ್ಸು ಎಂದು ತಿಳಿದುಕೊಂಡು ಬಂದ. ಯಾರನ್ನು ಕೇಳಿದನೋ, ಆ ಪುಣ್ಯಾತ್ಮನೂ ಬಸ್ಸೊಂದನ್ನೇ ಬಲ್ಲವನು. ಅಪ್ಪ ಹಾಳೆಯ ಮೇಲೆ ಗೆರೆ ಹೊಡೆದು ಹೊರಡುವ ಸಮಯ, ಮುಟ್ಟುವ ಸಮಯ, ಬದಲಾಯಿಸುವ ಜಾಗ ಎಂದು ಬರೆದ. ಬೆಳಿಗ್ಗೆ ಸೈಕಲ್ಲು ಹತ್ತುವ ಮೊದಲು ಅಂಗಳದಲ್ಲಿ ಗೋಧಿಯ ಚೀಲವನ್ನು ತೋಳಿನಲ್ಲಿ ಎತ್ತಿ ಇಳಿಸಿ ಮಾಡುತ್ತಿದ್ದ. ಚಾಳಿನವರು ಮೇಲಿನ ಕಟಕಟೆಗೆ ಒರಗಿ ನೋಡುತ್ತಿದ್ದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅವ್ವ ಮಾತ್ರ ಒಳಗೊಳಗೇ ಅರಳಿದ್ದಳು. ಮದುವೆಯ ಸೀರೆಯನ್ನು ಬಿಸಿಲಿಗೆ ಹಾಕಿದಳು. ಶನಿವಾರ ಸಜ್ಜಿ ರೊಟ್ಟಿ ಬಡಿದು, ಬದನೆಕಾಯಿ ಸುಟ್ಟು ಭರ್ತ ಮಾಡಿ ಡಬ್ಬಿಗೆ ತುಂಬಿದಳು. ದೇವರಿಗೆ ಎಡೆ ತೋರಿಸಿ ಅಲ್ಲಿಯೇ ತಿನ್ನುವುದಕ್ಕೆ. ಹದಿನಾಲ್ಕು ವರ್ಷದ ಮೇಲೆ ಮೊದಲ ತುತ್ತು ಹೇಗಿರುತ್ತದೋ ಎಂದು ಡಬ್ಬಿಯ ಮುಚ್ಚಳ ಒತ್ತುತ್ತ ತನ್ನಷ್ಟಕ್ಕೇ ನಕ್ಕಳು. ಅವ್ವ ಹಾಗೆ ನಕ್ಕದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಸ್ವಾರಗೇಟಿನಲ್ಲಿ ಬಸ್ಸು ಹತ್ತಿದಾಗಲೇ ಅಪ್ಪನ ಮುಖ ಬಿಳಿಚಿತ್ತು. ಹಡಪಸರ ದಾಟುವ ಹೊತ್ತಿಗೆ ಲಿಂಬೆಹಣ್ಣು ಮೂಸುತ್ತಿದ್ದ. ದಿವೆ ಘಾಟಿನ ಮೊದಲ ತಿರುವಿನಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕಿದವನು ಘಾಟು ಮುಗಿಯುವವರೆಗೆ ಒಳಗೆ ತೆಗೆದುಕೊಳ್ಳಲಿಲ್ಲ. ಹಿಂದಿನ ಕಿಟಕಿಯವನು ಮರಾಠಿಯಲ್ಲಿ ಅವನ ಏಳು ತಲೆಮಾರನ್ನು ಎತ್ತಿ ಆಡಿದ. ಕಂಡಕ್ಟರು ಗಂಟೆ ಎಳೆಯುವ ಹಗ್ಗ ಹಿಡಿದು ಹಲ್ಲು ಕಿರಿದ. ಅವ್ವ ಒಂದು ಕೈಯಲ್ಲಿ ಅಪ್ಪನ ಬೆನ್ನು ತಿಕ್ಕುತ್ತ ಒಂದು ಕೈಯಲ್ಲಿ ಡಬ್ಬಿ ಹಿಡಿದು ಕೂತಿದ್ದಳು. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಆಗ ನನಗೆ ಎಲ್ಲ ಒಮ್ಮೆಗೇ ತಿಳಿಯಿತು. ಇವನಿಗೆ ಬಸ್ಸು ಆಗುವುದಿಲ್ಲ. ಭೋಸರಿಗೆ ಸೈಕಲ್ಲು, ಹಳ್ಳಿಗೆ ರೈಲು, ರೈಲಿಳಿದ ಮೇಲೆ ಊರಿಗೆ ಚಕ್ಕಡಿ. ಅವ್ವನಿಗೆ ಇದು ಮೊದಲಿನಿಂದಲೂ ಗೊತ್ತು. ಗೊತ್ತಿದ್ದೇ ಇಷ್ಟು ವರ್ಷ ಒತ್ತಾಯ ಮಾಡದೆ, ಮಗಳ ಮುಂದೆ ಅವನ ಮಾನ ಹೋಗದ ಹಾಗೆ ನೋಡಿಕೊಂಡಿದ್ದಾಳೆ. ಬೇರೆ ಮಗಳಾಗಿದ್ದರೆ ಆ ಕ್ಷಣಕ್ಕೆ ಕರಗುತ್ತಿದ್ದಳೇನೋ. ನನಗೆ ಅಸಹ್ಯವಾಯಿತು. ಜಗತ್ತನ್ನೆಲ್ಲ ನೆಲಕ್ಕೆ ಹಾಸಿ ಅದರ ಮೇಲೆ ಕುಣಿಯುವವನು ಒಂದು ಘಾಟು ಹತ್ತಲಾರ. ಸ್ವಿಟ್ಜರ್ಲೆಂಡಿನಾಗ ಘಾಟ ಇಲ್ಲೇನಪ್ಪಾ ಎಂದು ಬಸ್ಸಿಗೆಲ್ಲ ಕೇಳುವಂತೆ ಕೇಳಿದೆ. ಅಪ್ಪ ಬಾಯಿ ಒರೆಸಿಕೊಂಡು ನನ್ನ ಕಡೆ ನೋಡಿದ.

ಸಾಸವಡದಲ್ಲಿ ಬಸ್ಸು ನಿಂತಾಗ ಅವನು ಇಳಿದುಬಿಟ್ಟ. ನಾವೂ ಇಳಿಯಲು ಎದ್ದರೆ ಕೈಯಾಡಿಸಿ ಕೂರಿಸಿದ. ಕೆಳಗೆ ನಿಂತು ಕಿಟಕಿಯ ಸರಳು ಹಿಡಿದು ಅವ್ವನಿಗೆ ಹೇಳಿದ.

“ನೀವಿಬ್ಬರೂ ಮುಂದ ನಡೀರಿ. ನಾ ಬರ್ತೀನಿ. ಮೆಟ್ಟಲ ಬುಡಕ್ಕ ನಿಂತಿರ್ರಿ.”

ಹೆಂಗ ಬರ್ತೀರಿ ಎಂದು ಅವ್ವ ಕೇಳುವಷ್ಟರಲ್ಲಿ ಬಸ್ಸು ಹೊರಟಿತು.

ಮೆಟ್ಟಿಲ ಬುಡದಲ್ಲಿ ನಾವು ನಿಂತೆವು. ಎಲ್ಲಿ ನೋಡಿದರೂ ಅರಿಶಿಣ. ಕಲ್ಲಿಗೆ, ಕಂಬಕ್ಕೆ, ನಾಯಿಯ ಬೆನ್ನಿಗೆ, ಮಂದಿಯ ಹಲ್ಲಿಗೂ ಭಂಡಾರ. ಏಳಕೋಟ ಎಂದು ಕಿರುಚುತ್ತ ಹಿಂಡು ಹಿಂಡು ಹತ್ತುವವರು. ನಮ್ಮ ಕಡೆಯಿಂದ ಬಂದ ಹೊಸ ಜೋಡಿಗಳೂ ಇದ್ದವು. ಒಬ್ಬ ಹೆಂಡತಿಯನ್ನು ಎತ್ತಿ ಐದಕ್ಕೆ ನಿಲ್ಲದೆ ಗಂಡಸ್ತನ ತೋರಿಸಲು ಹತ್ತು ಮೆಟ್ಟಿಲು ಹತ್ತಿ ದಡಕ್ಕನೆ ಕೂತ. ಇನ್ನೊಬ್ಬ ಎತ್ತಿ ಹಿಡಿದು ಫೋಟೋಕ್ಕೆ ನಿಂತೇ ಬಿಟ್ಟ, ಅವಳ ಸೀರೆ ಮೊಣಕಾಲಿಗೆ ಏರಿತ್ತು. ಅವ್ವ ಅವರನ್ನೆಲ್ಲ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನೀರು ಕುಡಿಯಲಿಲ್ಲ, ದರ್ಶನದ ಮೊದಲು ಕುಡಿಯುವುದಿಲ್ಲ ಎಂದಳು. ಒಂದು ತಾಸಾಯಿತು. ಎರಡಾಯಿತು. ಹೂವಿನಂಗಡಿಯವಳು ಒಂದು ಮಣೆ ಕೊಟ್ಟರೂ ಕೂರಲಿಲ್ಲ, ಕೂತರೆ ಗದ್ದಲದಲ್ಲಿ ಅಪ್ಪನಿಗೆ ಕಾಣಿಸಲಿಕ್ಕಿಲ್ಲವೆಂದು. ಮೂರು ತಾಸು ಕಳೆದವು. ಬಿಸಿಲಿಗೆ ಕಲ್ಲು ಕಾದು ಅವ್ವ ಒಂದು ಕಾಲು ಬಿಟ್ಟು ಒಂದು ಕಾಲಿನ ಮೇಲೆ ನಿಲ್ಲುತ್ತಿದ್ದಳು. ಚಪ್ಪಲಿಯನ್ನು ಆಗಲೇ ಬಿಟ್ಟಿದ್ದಳು. ನನಗೆ ಹಸಿವು, ಸೆಕೆ, ಎಲ್ಲಕ್ಕಿಂತ ಹೆಚ್ಚಾಗಿ ಸಿಟ್ಟು. ಅವನು ಹಿಂದಕ್ಕೆ ಹೋಗಿದ್ದಾನೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯ ಇರಲಿಲ್ಲ.

“ಅವ ಬರೂದಿಲ್ಲವಾ. ಮನಿಗೆ ಹೋಗಿ ನಕಾಶಿ ಹಾಸಕೊಂಡು ಕುಂತಿರ್ತಾನ. ಅವ ಎಂದರ ಎಲ್ಲಿಗರ ಹೋಗ್ಯಾನೇನು? ನೀ ಇಲ್ಲೇ ಸಂಜೀತನಾ ನಿಂದರ್ತೀ?”

ಅವ್ವ ರಸ್ತೆಯ ಕಡೆ ನೋಡಿದಳು. ಬಸ್ಸುಗಳು ಬರುತ್ತಿದ್ದವು. ಅವನು ಇಳಿಯುತ್ತಿರಲಿಲ್ಲ. ನಾನು ಬಿಡಲಿಲ್ಲ. ಗುಡಿಯ ಬಾಗಿಲು ಹಾಕುತ್ತಾರೆ ಎಂದೆ, ಅದು ಸುಳ್ಳು. ನನಗೆ ತಲೆ ತಿರುಗುತ್ತಿದೆ ಎಂದೆ, ಅದೂ ಸುಳ್ಳು. ಆ ಎರಡನೆಯ ಸುಳ್ಳಿಗೆ ಅವಳು ಸೋತಳು. ಸೆರಗು ಬಿಗಿದು, ನನ್ನ ಕೈಗೆ ಡಬ್ಬಿ ಕೊಟ್ಟು, ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಒಂದು, ಎರಡು, ಮೂರು, ನಾಲ್ಕು, ಐದು. ಐದನೆಯದರ ಮೇಲೆ ಒಂದು ಗಳಿಗೆ ನಿಂತಳು. ಆಮೇಲೆ ಎಲ್ಲರಂತೆ ಹತ್ತಿದಳು. ದರ್ಶನವಾಯಿತು. ಭಂಡಾರ ಹಚ್ಚಿಕೊಂಡಳು. ಎಡೆ ತೋರಿಸಿದ ಭರ್ತವನ್ನು ನನಗೆ ಬಡಿಸಿದಳು. ತಾನು ತಿನ್ನಲಿಲ್ಲ. ನಾನು ಗಬಗಬ ತಿಂದೆ.

ಇಳಿದು ಬಂದರೆ ಅವನು ಮೆಟ್ಟಿಲ ಬುಡದಲ್ಲಿ ಕೂತಿದ್ದ. ಚಪ್ಪಲಿ ಪಕ್ಕಕ್ಕಿಟ್ಟು ಎರಡೂ ಅಂಗಾಲನ್ನು ಮೇಲೆ ಮಾಡಿಕೊಂಡಿದ್ದ. ಬೊಬ್ಬೆ ಎದ್ದು ಒಡೆದಿದ್ದವು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಸಾಸವಡದಿಂದ ಜೇಜುರಿಯವರೆಗೆ ನಾಲ್ಕು ತಾಸಿನ ದಾರಿಯನ್ನು ಆ ಬಿಸಿಲಿನಲ್ಲಿ ನಡೆದು ಬಂದಿದ್ದ. ಅವ್ವನ ಹಣೆಯ ಅರಿಶಿಣವನ್ನು ನೋಡಿದ. ಆತೇನು ಎಂದ. ಆತು ಎಂದಳು. ಅವನು ಎದ್ದುನಿಂತು, ಮತ್ತೊಮ್ಮೆ ಹತ್ತೂಣು, ಎತ್ತತೀನಿ ಎಂದು ಕೈ ಚಾಚಿದ. ಅವ್ವ ಹಿಂದೆ ಸರಿಯಲಿಲ್ಲ, ಮುಂದೆಯೂ ಬರಲಿಲ್ಲ.

“ದರ್ಶನಾ ಆತ್ರಿ. ಈಗ ಎತ್ತಿದ್ರ ಎತ್ತಿದಂಗಲ್ಲ.”

ಅಷ್ಟು ಹೇಳಿ ಕಾಲು ತೊಳೆಯಲು ನಳದ ಕಡೆ ನಡೆದಳು. ಅಪ್ಪ ಅವಳ ಬೆನ್ನನ್ನೇ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದ.

“ಬಂದ ಕೂಡ್ಲೆ ಹತ್ತಿದ್ರೇನು?”

ಮೂರು ತಾಸು ನಿಂತಿದ್ದಳು ಎಂದು ಹೇಳಬೇಕಿತ್ತು. ಹೇಳಿದರೆ, ಮತ್ತ ಯಾಕ ಹತ್ತಿದ್ರಿ ಎಂದು ಕೇಳುತ್ತಿದ್ದ. ಅದೊಂದು ಕಾರಣ. ಇನ್ನೊಂದು ಕಾರಣ ಅದಕ್ಕಿಂತ ಕೆಟ್ಟದ್ದು. ಅವನ ಒಡೆದ ಕಾಲು ನೋಡಿ ನನ್ನ ತಿರಸ್ಕಾರಕ್ಕೆ ನಿಲ್ಲಲು ಜಾಗವಿಲ್ಲದಂತಾಗಿತ್ತು, ಅದಕ್ಕೇ ಅದು ಹಲ್ಲು ಕಚ್ಚಿ ನಿಂತಿತು. ಇವನಿಗೆ ಇಷ್ಟಾದರೂ ನೋಯಲಿ ಎನ್ನಿಸಿತು.

“ಹೂಂ. ಬಂದ ಕೂಡ್ಲೆ.”

ಅವನು ತಲೆಯಾಡಿಸಿದ. ಚಹದಂಗಡಿಯಲ್ಲಿ ವಾಪಸು ಬಸ್ಸು ಎಷ್ಟಕ್ಕೆ ಎಂದು ವಿಚಾರಿಸಿದರೆ ಅಂಗಡಿಯವನು ಅವನ ಮುಖ ನೋಡಿ, ಬಸ್ಸೇಕೆ, ಪುಣೆಗೆ ಪ್ಯಾಸೆಂಜರ್ ಗಾಡಿ ಇದೆಯಲ್ಲ, ಅದು ಮಿರಜದಿಂದ ಬರುತ್ತದೆ, ಊರಿನ ಕೆಳಗೇ ಸ್ಟೇಶನ್ನು ಎಂದ. ಯುರೋಪಿನ ಅಷ್ಟೂ ರೈಲುಗಳ ವೇಳೆ ಬಲ್ಲ ನಮ್ಮಪ್ಪನಿಗೆ ಜೇಜುರಿಯಲ್ಲಿ ಒಂದು ರೈಲು ನಿಲ್ಲುತ್ತದೆಂಬುದು ಗೊತ್ತಿರಲಿಲ್ಲ. ನಾವು ಊರಿಗೆ ಹೋಗುತ್ತಿದ್ದದ್ದು ಸೊಲ್ಲಾಪುರದ ದಾರಿಯಿಂದ, ಈ ಕಡೆಯ ಹಳಿಯ ಮೇಲೆ ಅವನು ಎಂದೂ ಕಣ್ಣು ಹಾಯಿಸಿರಲಿಲ್ಲ. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಗಾಡಿಯಲ್ಲಿ ಅವನು ಬಾಗಿಲ ಬಳಿ ಕೂತ. ಅವ್ವ ರೊಟ್ಟಿ ಕೊಟ್ಟಳು, ತಿಂದ. ತಾನು ಕಾದದ್ದನ್ನು ಅವಳು ಹೇಳಲಿಲ್ಲ. ಕಾದೆನೆಂದು ಹೇಳಿಕೊಳ್ಳುವುದು ಅವಳ ಮಟ್ಟಿಗೆ ಕೈಚಾಚಿ ಬೇಡಿದಂತೆ. ಯಾಕೆ ಕಾಯಲಿಲ್ಲವೆಂದು ಅವನೂ ಕೇಳಲಿಲ್ಲ. ನಾನು ಇಬ್ಬರ ನಡುವೆ ಖಾಲಿ ಡಬ್ಬಿ ಹಿಡಿದು ಕೂತಿದ್ದೆ.

ಆಮೇಲೆ ಮನೆಯಲ್ಲಿ ದೊಡ್ಡದೇನೂ ಆಗಲಿಲ್ಲ. ಜಗಳವಿಲ್ಲ, ಮಾತು ಬಿಟ್ಟದ್ದಿಲ್ಲ. ನಕಾಶೆ ರವಿವಾರಕ್ಕೆ ಇಳಿಯುತ್ತಲೇ ಇತ್ತು. ಅವ್ವನ ಪಾಳಿ ಮಾತ್ರ ಹೋಯಿತು. ಅಪ್ಪ ಅವಳನ್ನು ಮತ್ತೆಂದೂ ಮುಂದಿನ ದೇಶ ಯಾವುದೆಂದು ಕೇಳಲಿಲ್ಲ. ಒಂದು ವಾರ ನಾನು, ಒಂದು ವಾರ ಅವನು. ಅವ್ವ ಬಕೆಟ್ಟು ಹಿಡಿದು ಹೊರಟರೆ ಅವನೇ ನಕಾಶೆಯ ಅಂಚು ಮಡಚಿ ದಾರಿ ಬಿಡುತ್ತಿದ್ದ. ಅದನ್ನು ನೋಡುವುದಕ್ಕಿಂತ ಗ್ರೀಸಿನ ಮೇಲೆ ಕಾಲಿಡಬ್ಯಾಡ ಎಂದು ಬೈದಿದ್ದರೇ ಚೆನ್ನಾಗಿತ್ತು. ಅವ್ವ ಎಣಗಾಯಿ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ತಾನು ಚಟ್ನಿ ಹಚ್ಚಿಕೊಳ್ಳುತ್ತಿದ್ದಳು. ಸಾಯುವವರೆಗೆ ಬದನೆಕಾಯಿ ತಿನ್ನಲಿಲ್ಲ. ನಾನು ಕಾಲೇಜು ಮುಗಿಸಿದ ವರ್ಷ, ಎದೆನೋವೆಂದು ಮಲಗಿದವಳು ಎರಡೇ ದಿನಕ್ಕೆ ಹೋದಳು.

ನಾನು ಸೇರಿದ್ದು ಎಲ್ಲಿಗೆಂದರೆ ಪುಣೆಯ ಒಂದು ಪ್ರವಾಸದ ಕಚೇರಿಗೆ. ಮಂದಿಯನ್ನು ದೇಶದೇಶಕ್ಕೆ ಕಳಿಸುವುದು ನನ್ನ ಕೆಲಸ. ಆ ಹೊತ್ತಿಗೆ ಚಿಂಚವಾಡ, ಪಿಂಪ್ರಿಯಲ್ಲಿ ದುಡ್ಡು ಹರಿದಾಡತೊಡಗಿತ್ತು. ಪ್ಯಾರಿಸಿನಲ್ಲಿ ಬೆಳಿಗ್ಗೆ ಪೋಹೆ ಸಿಗುತ್ತದೆಯೇ, ಹಿಮದ ಮೇಲೆ ನಮ್ಮ ಗುಂಪಿಗೆ ಬೇರೆ ಪಾಯಖಾನೆ ಇದೆಯೇ ಎಂದು ಕೇಳುವ ಗಿರಾಕಿಗಳಿಗೆ ನಾನು ನಗುನಗುತ್ತ ಉತ್ತರ ಕೊಡುತ್ತಿದ್ದೆ, ಅವರು ಬೆನ್ನು ತಿರುಗಿಸಿದ ಮೇಲೆ ಅವರನ್ನು ಆಡಿಕೊಳ್ಳುತ್ತಿದ್ದೆ. ಅಪ್ಪನಂತೆ ದಾರಿ ಹೇಳುವುದನ್ನೂ ನನ್ನಂತೆ ಮೂಗು ಮುರಿಯುವುದನ್ನೂ ಒಂದೇ ಸಂಬಳಕ್ಕೆ ಮಾಡಿದೆ. ನಾನು ಎಲ್ಲಿಗೂ ಹೋಗಲಿಲ್ಲ.

ಒಂದು ರವಿವಾರ, ಅವ್ವ ಹೋಗಿ ಎರಡನೆಯ ವರ್ಷ, ಅಪ್ಪ ಎಂದಿನಂತೆ ನಕಾಶೆ ಹಾಸಿದ. ಮಡಿಕೆಗಳಲ್ಲಿ ಹರಿದಿತ್ತು, ಅಂಟುಪಟ್ಟಿ ಹಚ್ಚಿದ್ದ. ಸುಸಲಾ ನಾನೇ ಮಾಡಿದ್ದೆ. ಅಡಿಗೆಮನೆಯ ಬಾಗಿಲಿಗೆ ಬಂದು ನಿಂತೆ.

“ಈ ಸಲ ನಿನ್ನ ಪಾಳಿ. ಮುಂದಿನ ದೇಶ ಯಾವುದು, ರೇಣಿ?”

“ಜೇಜುರಿ,” ಎಂದೆ. ಯಾಕೆ ಅಂದೆನೋ, ಬಾಯಿಗೆ ಬಂತು. ಇಬ್ಬರೂ ರೈಲಿನಲ್ಲಿ ಹೋಗಿಬರೋಣ ಎಂದೂ ಸೇರಿಸಿದೆ.

ಅಪ್ಪ ಬಟ್ಟಲನ್ನು ಮೂಲೆಗೆ ಸರಿಸುತ್ತಿದ್ದ. ಸರಿಸಿ ಮುಗಿಸಿ, ನನ್ನ ಕಡೆ ನೋಡದೆ ಹೇಳಿದ.

“ಬ್ಯಾಡವಾ. ಅಲ್ಲಿ ಯಾರೂ ಕಾಯೂದಿಲ್ಲ. ನಿಮ್ಮವ್ವ ಅರ್ಧಾ ತಾಸು ಕಾಯಲಿಲ್ಲ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟು ವರ್ಷ ಅದನ್ನು ಒಳಗಿಟ್ಟುಕೊಂಡು ಸಾಕಿದ್ದ, ಸವೆದು ನುಣ್ಣಗಾಗಿತ್ತು. ಮೂರು ತಾಸು ಕಾದಳಪ್ಪಾ, ಸುಡುವ ಕಲ್ಲಿನ ಮೇಲೆ, ನೀರಿಲ್ಲದೆ, ನಾನೇ ಸುಳ್ಳು ಹೇಳಿ ಹತ್ತಿಸಿದೆ ಎಂಬುದು ನಾಲಗೆಯ ತುದಿಗೆ ಬಂದಿತ್ತು. ಇನ್ನೊಬ್ಬರ ಮಾನ ತೆಗೆಯಲು ಎಂದೂ ತಡವರಿಸದ ನಾಲಗೆ. ಅಪ್ಪ ಮಂಡಿಯೂರಿ ಕೂತು, ಕನ್ನಡಕ ಏರಿಸಿಕೊಂಡು, ನಾನು ಬೇರೆ ದೇಶ ಹೇಳಲಿ ಎಂದು ಕಾಯುತ್ತಿದ್ದ.

“ಹಂಗಾದ್ರ ನಾರ್ವೆ,” ಎಂದೆ.

ಅವನ ಬೆರಳು ನಕಾಶೆಯ ಮೇಲೆ ಓಡಿತು. ಮೊದಲು ಚಿಂಚವಾಡದಾಗ ಲೋಕಲ್ ಹಿಡೀಬೇಕು ಎಂದು ಶುರುಮಾಡಿದ. ನಾನು ಅಲ್ಲಿಯೇ ನಿಂತು ನಾರ್ವೆ ಮುಟ್ಟುವವರೆಗೂ ಕೇಳಿದೆ.